ಪ್ರಸಾದನಿಲಯದ ಅಣ್ಣಂದಿರು



ನಮ್ಮ ಮಠದ ಹಳೆಯ ವಿದ್ಯಾರ್ಥಿಗಳು ಜಾತ್ರೆಗೋ ಶಿವಾನುಭವ ಗೋಷ್ಠಿಗೋ ಬಂದಾಗ ದರ್ಶನ, ಪ್ರಸಾದಗಳನ್ನು ಮುಗಿಸಿಕೊಂಡು ಕೂಡಲೆ ಹೊರಟುಹೋಗುವುದಿಲ್ಲ. ಪಡಸಾಲೆಯ ಕಂಬದ ಮರೆಯಲ್ಲಿ ಇಬ್ಬರು ಮೂವರು ಕೂಡಿಕೊಂಡು ಬಾಯಿಗೆ ವಸ್ತ್ರವಿಟ್ಟುಕೊಂಡು ನಗುತ್ತಿರುತ್ತಾರೆ. ಒಬ್ಬರು ನಿವೃತ್ತ ತಹಶೀಲ್ದಾರರು, ಇನ್ನೊಬ್ಬರು ವೈದ್ಯರು, ಮತ್ತೊಬ್ಬರು ಎತ್ತಿನ ವ್ಯಾಪಾರಿ. ಮೂವರಿಗೂ ಮೊಣಕಾಲು ನೋವು. ಆದರೆ ಆ ಗಳಿಗೆಯಲ್ಲಿ ಮೂವರೂ ಎಂಟನೆಯ ಇಯತ್ತೆಯ ಹುಡುಗರೇ. ಏನು ವಿಷಯವೆಂದು ನಾನು ಹತ್ತಿರ ಹೋದೆನೆಂದರೆ ನಗೆ ತಟ್ಟನೆ ನಿಂತು ಮೂವರೂ ಕೈ ಮುಗಿದು ನಿಂತುಬಿಡುತ್ತಾರೆ. ಕಾವಿ ಉಟ್ಟವನಿಗೆ ಸಲ್ಲುವ ಗೌರವಗಳು ಅನೇಕ. ಆದರೆ ಇಂಥ ನಗೆಯಲ್ಲಿ ಅವನಿಗೆ ಪಾಲು ಸಿಕ್ಕುವುದಿಲ್ಲ. ಆದುದರಿಂದ ಈ ತಿಂಗಳು ಶರಣರ ವಿಚಾರವನ್ನಾಗಲಿ ಶಾಸ್ತ್ರದ ವಿಚಾರವನ್ನಾಗಲಿ ಬರೆಯದೆ, ನನ್ನ ಶಾಲೆಯ ದಿನಗಳ ಕೆಲವು ಹಿರಿಯ ಹುಡುಗರನ್ನು ನೆನೆದು, ನನ್ನ ಪಾಲಿನ ನಗೆಯನ್ನು ನಿಮ್ಮಿಂದ ವಸೂಲು ಮಾಡಿಕೊಳ್ಳೋಣವೆಂದಿದ್ದೇನೆ.

ಇನ್ನೊಂದು ಮಾತು. ಪೀಠಕ್ಕೆ ಬಂದವರು ತಮ್ಮನ್ನು ತಾವು ‘ನಾವು’ ಎಂದು ಹೇಳಿಕೊಳ್ಳುವುದು ವಾಡಿಕೆ. ಈ ಲೇಖನದಲ್ಲಿ ಆ ವಾಡಿಕೆಯನ್ನು ಬಿಟ್ಟಿದ್ದೇನೆ. ಇಲ್ಲಿ ಬರುವ ಹುಡುಗ ಬಹುವಚನಕ್ಕೆ ಯೋಗ್ಯನಾಗಿರಲಿಲ್ಲವೆಂಬುದು ಮುಂದೆ ನಿಮಗೇ ತಿಳಿಯುತ್ತದೆ.

೧೯೮೨ನೆಯ ಇಸವಿಯ ಜೂನ್ ತಿಂಗಳಿನಲ್ಲಿ ನಮ್ಮ ತಂದೆಯವರು ನನ್ನನ್ನು ಒಂದು ಟ್ರಂಕು, ಒಂದು ಕೌದಿ, ಒಂದು ಹಿತ್ತಾಳೆಯ ತಂಬಿಗೆಗಳ ಸಮೇತ ಆ ಊರಿನ ಮಠದ ಉಚಿತ ಪ್ರಸಾದನಿಲಯಕ್ಕೆ ತಂದು ಬಿಟ್ಟರು. ಊರು ಆಗ ಧಾರವಾಡ ಜಿಲ್ಲೆಗೆ ಸೇರಿದ್ದಿತು. ೧೯೯೭ರಲ್ಲಿ ಗದಗ ಬೇರೆ ಜಿಲ್ಲೆಯಾದಾಗ ಅದರ ಪಾಲಿಗೆ ಹೋಯಿತು. ಊರಿನ ಮತ್ತು ಶಾಲೆಯ ಹೆಸರು ಹೇಳುವುದಿಲ್ಲ. ಹೇಳಿದರೆ ಅಲ್ಲಿಯ ಈಗಿನ ಮುಖ್ಯೋಪಾಧ್ಯಾಯರು ನೊಂದುಕೊಂಡಾರು, ಈಗಿನ ಹುಡುಗರು ಸ್ಫೂರ್ತಿಗೊಂಡಾರು, ಎರಡೂ ಬೇಡ. ಅದು ಗಂಡುಮಕ್ಕಳ ಪ್ರೌಢಶಾಲೆ. ಹುಬ್ಬಳ್ಳಿಯಿಂದ ಗುಂತಕಲ್ಲಿಗೆ ಹೋಗುವ ಮೀಟರ್‌ಗೇಜ್ ಹಳಿ ಶಾಲೆಯ ಬಯಲಿನ ಹಿಂದೆಯೇ ಹಾದುಹೋಗುತ್ತಿದ್ದಿತು. ಕಲ್ಲಿದ್ದಲಿನ ಎಂಜಿನ್ನು ಕೂಗಿದಾಗ ಭೂಗೋಲದ ಮಾಸ್ತರರು ಪಾಠ ನಿಲ್ಲಿಸಿ ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದರು. ಗಡಿಯಾರ ಗಾಡಿಯನ್ನು ಅನುಸರಿಸುತ್ತಿತ್ತು, ಗಾಡಿ ಯಾರನ್ನೂ ಅನುಸರಿಸುತ್ತಿರಲಿಲ್ಲ. ಹೀಗಾಗಿ ನಮ್ಮ ಶಾಲೆಯ ಊಟದ ಬಿಡುವು ಕೆಲವು ದಿನ ಮಧ್ಯಾಹ್ನ ಮೂರಕ್ಕೆ ಆಗುತ್ತಿದ್ದುದುಂಟು.

ಪ್ರಸಾದನಿಲಯದಲ್ಲಿ ಸುಮಾರು ಅರವತ್ತು ಹುಡುಗರು. ತುಮಕೂರಿನ ಸಿದ್ಧಗಂಗೆಯಲ್ಲಿ ಲಿಂಗೈಕ್ಯ ಡಾ. ಶಿವಕುಮಾರ ಸ್ವಾಮಿಗಳವರು (೧೯೦೭–೨೦೧೯) ಸಾವಿರಾರು ಮಕ್ಕಳಿಗೆ ಅನ್ನವಿಕ್ಕಿ ಓದಿಸಿದುದನ್ನು ನಾಡೆಲ್ಲ ಬಲ್ಲದು. ಆದರೆ ನಮ್ಮ ಕಡೆಯ ಎಷ್ಟೋ ಸಣ್ಣ ಮಠಗಳು ಐವತ್ತು, ಅರವತ್ತು ಹುಡುಗರನ್ನಿಟ್ಟುಕೊಂಡು ವರ್ಷದಿಂದ ವರ್ಷಕ್ಕೆ ಹೇಗೋ ಸಾಗಿಸುತ್ತಿದ್ದವು. ಹೊಲ ಒಂದಿಷ್ಟು, ಭಕ್ತರು ಕೊಟ್ಟ ಕಾಳು ಒಂದಿಷ್ಟು, ಉಳಿದದ್ದು ಕಂತಿಭಿಕ್ಷೆ. ಬೆಳಿಗ್ಗೆ ಐದಕ್ಕೆ ಏಳುವುದು, ಬಾವಿಯ ತಣ್ಣೀರಿನ ಸ್ನಾನ, ಸಾಮೂಹಿಕ ಲಿಂಗಪೂಜೆ, ಆ ಬಳಿಕ ಜಂಗಮವಟುಗಳು ಜೋಳಿಗೆ ಹಾಕಿಕೊಂಡು ಮೂರು ಓಣಿಗಳಿಗೆ ಮೂರು ತಂಡವಾಗಿ ಭಿಕ್ಷೆಗೆ ಹೊರಡುವುದು. ಬಂದ ರೊಟ್ಟಿಯೇ ಮಧ್ಯಾಹ್ನಕ್ಕೂ ರಾತ್ರಿಗೂ ಆಧಾರ. ಅದರ ಮೇಲೆ ಮಡಕೆಕಾಳಿನ ಪಲ್ಯ, ಗುರೆಳ್ಳು ಚಟ್ನಿ, ಅಮಾವಾಸ್ಯೆಗೊಮ್ಮೆ ಹುಗ್ಗಿ.

ಹತ್ತನೆಯ ಇಯತ್ತೆಯ ಹುಡುಗರನ್ನು ನಾವು ಸಣ್ಣವರು ‘ಅಣ್ಣ’ ಎನ್ನಬೇಕೆಂಬುದು ನಿಯಮ. ಮೀಸೆ ಮೂಡಿದ್ದವರನ್ನು ‘ಅಣ್ಣಾರು’ ಎಂದು ಬಹುವಚನದಿಂದ ಕರೆಯಬೇಕು. ಹೆಸರು ಹಿಡಿದು ಯಾರನ್ನೂ ಕರೆಯುತ್ತಿರಲಿಲ್ಲ. ಪ್ರತಿಯೊಬ್ಬರಿಗೂ ಅವರವರ ಅಧಿಕಾರದಿಂದ ಬಂದ ಹೆಸರೊಂದಿತ್ತು. ಗಂಟೆ ಬಾರಿಸುವವನು ಗಂಟೆಯಣ್ಣ. ಪುಸ್ತಕದ ಕಪಾಟಿನ ಕೀಲಿಯಿದ್ದವನು ಗ್ರಂಥದಣ್ಣ. ಆ ಕೀಲಿ ಬಾವಿಯಲ್ಲಿ ಬಿದ್ದುಹೋದ ಮೇಲೂ ಎರಡು ವರ್ಷ ಅವನ ಹೆಸರೂ ಕಪಾಟಿನ ಬೀಗವೂ ಹಾಗೆಯೇ ಉಳಿದವು. ನಾನು ಹೋದ ವರ್ಷ ಗೋಕಾಕ ವರದಿಯ ಚಳವಳಿಯ ಕಾವು ನಾಡಿನಲ್ಲೆಲ್ಲ ಹಬ್ಬಿದ್ದಿತು. ಡಾ. ರಾಜಕುಮಾರರು ಚಳವಳಿಗೆ ಧುಮುಕಿದ ವರ್ಷ ಅದು. ಸಂಸ್ಕೃತವನ್ನು ಪ್ರಥಮ ಭಾಷೆಯಾಗಿ ತೆಗೆದುಕೊಂಡಿದ್ದ ನಮ್ಮ ಹತ್ತನೆಯ ಇಯತ್ತೆಯ ಅಣ್ಣಂದಿರೇ ‘ಕನ್ನಡವೇ ಪ್ರಥಮ’ ಎಂದು ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದರು. ಸಂಸ್ಕೃತದ ಶಾಸ್ತ್ರಿಗಳು ಕರೆದು ಕೇಳಿದಾಗ, ‘ಗುರುಗಳೇ, ಲಙ್ ಲಕಾರದಿಂದ ಬಿಡುಗಡೆಯಾದೀತೆಂಬ ಆಸೆಯಿಂದ’ ಎಂದು ಒಬ್ಬನು ನಿಜ ನುಡಿದನು. ಶಾಸ್ತ್ರಿಗಳು ನಕ್ಕರು, ಆಮೇಲೆ ಲಙ್ ಲಕಾರವನ್ನು ನೂರು ಸಲ ಬರೆಸಿದರು.

ಶಾಲೆಯ ವಾರ್ಷಿಕ ಸಮ್ಮೇಳನಕ್ಕೆ ನಮ್ಮ ಕಡೆ ‘ಗ್ಯಾದರಿಂಗ್’ ಎನ್ನುತ್ತಾರೆ. ೧೯೮೩ರ ಆರಂಭದಲ್ಲಿ ನಡೆದ ಗ್ಯಾದರಿಂಗಿನಲ್ಲಿ ಕಿತ್ತೂರು ಚೆನ್ನಮ್ಮನ ನಾಟಕ. ಗಂಡುಮಕ್ಕಳ ಶಾಲೆಯಾದುದರಿಂದ ಚೆನ್ನಮ್ಮನ ಪಾತ್ರ ಹುತುತು ತಂಡದ ನಾಯಕನಿಗೆ ಬಂದಿತು. ಖಡ್ಗ ಎತ್ತುವ ಶಕ್ತಿ ಅವನೊಬ್ಬನಿಗೇ ಇತ್ತು, ಏಕೆಂದರೆ ಖಡ್ಗವು ಊರ ಕಮ್ಮಾರನು ನಿಜವಾಗಿಯೇ ಬಡಿದುಕೊಟ್ಟದ್ದು. ಆದರೆ ಅದೇ ತಿಂಗಳು ಅವನಿಗೆ ಮೀಸೆ ಚಿಗುರಿದ್ದಿತು. ಬೋಳಿಸಿಕೊಳ್ಳೆಂದರೆ ಒಲ್ಲೆನೆಂದನು. ‘ರಾಣಿ ಆಗೋದು ಒಂದು ದಿನ, ಮೀಸಿ ಜನ್ಮಕ್ಕ’ ಎಂಬುದು ಅವನ ವಾದ. ಕೊನೆಗೆ ಮೈದಾಹಿಟ್ಟಿನ ಅಂಟು ಹಚ್ಚಿ ಮೀಸೆಯನ್ನು ಮುಚ್ಚಿದರು. ಮೊದಲನೆಯ ಅಂಕದಲ್ಲಿ ಅಂಟು ಒಣಗಿತು, ಎರಡನೆಯ ಅಂಕದಲ್ಲಿ ಬಿರುಕು ಬಿಟ್ಟಿತು, ಮೂರನೆಯ ಅಂಕದಲ್ಲಿ ರಾಣಿಯು ಆವೇಶದಿಂದ ಸಂಭಾಷಣೆ ಹೇಳುತ್ತಿದ್ದಂತೆಯೇ ಚಕ್ಕೆ ಚಕ್ಕೆಯಾಗಿ ಸಭಿಕರ ಎದುರಿಗೆ ಉದುರತೊಡಗಿತು.

ಥ್ಯಾಕರೆಯ ಪಾತ್ರ ಗಂಟೆಯಣ್ಣನದು. ಅವನು ಕಡುಗಪ್ಪು ಬಣ್ಣದವನು. ಅಡಿಗೆಮನೆಯಿಂದ ಜೋಳದ ಹಿಟ್ಟು ತಂದು ಅವನನ್ನು ಇಂಗ್ಲಿಷರವನನ್ನಾಗಿ ಮಾಡಿದ್ದರು. ೧೮೨೪ರ ಅಕ್ಟೋಬರಿನಲ್ಲಿ ಧಾರವಾಡದ ಕಲೆಕ್ಟರ ಥ್ಯಾಕರೆಯು ಅಮಟೂರು ಬಾಳಪ್ಪನ ಗುಂಡಿಗೆ ಬಲಿಯಾದನೆಂಬುದು ಇತಿಹಾಸ. ನಮ್ಮ ರಂಗದ ಮೇಲೆ ಬಾಳಪ್ಪನು ಗುರಿಯಿಟ್ಟನು. ಪರದೆಯ ಹಿಂದೆ ಪಟಾಕಿ ಹಾರಿಸಬೇಕಾದವನು ಕಡ್ಡಿ ಗೀರಿದನು. ಪಟಾಕಿ ತೇವ ಹಿಡಿದಿತ್ತು. ಬಾಳಪ್ಪನು ಮತ್ತೆ ಗುರಿಯಿಟ್ಟನು. ಮತ್ತೆ ನಿಶ್ಶಬ್ದ. ಥ್ಯಾಕರೆಯು ಎದೆ ಸೆಟೆಸಿ ನಿಂತೇ ಇದ್ದನು; ಬೆವರಿಗೆ ಹಿಟ್ಟು ನಾದಿದಂತಾಗಿ ಗಲ್ಲದಿಂದ ಜೋತುಬಿದ್ದಿತ್ತು. ಸಭೆಯಿಂದ ಯಾರೋ ಹಿರಿಯರು, ‘ಸಾಯೋ ತಮ್ಮಾ, ಹೊತ್ತಾತು’ ಎಂದರು. ಥ್ಯಾಕರೆಯು ಅವರಿಗೆ ‘ಹೂಂನ್ರಿ’ ಎಂದು ಉತ್ತರವಿತ್ತು, ಟೋಪಿಯನ್ನು ಜೋಪಾನವಾಗಿ ಕೆಳಗಿಟ್ಟು, ಎದೆ ಹಿಡಿದುಕೊಂಡು ಮಲಗಿದನು. ಅವನು ಮಲಗಿ ಸ್ವಲ್ಪ ಹೊತ್ತಾದ ಮೇಲೆ ಪಟಾಕಿ ಸಿಡಿಯಿತು. ಸತ್ತ ಥ್ಯಾಕರೆ ಗಾಬರಿಯಿಂದ ಎದ್ದು ಕುಳಿತನು. ಆ ನಾಟಕದಲ್ಲಿ ನಾನು ಚಾಮರ ಬೀಸುವ ದಾಸಿ. ನನ್ನ ಪಾತ್ರಕ್ಕೆ ಮಾತಿರಲಿಲ್ಲವೆಂಬುದು ನನ್ನ ಪುಣ್ಯ. ನಗೆಯಿಂದ ನನ್ನ ಬಾಯಿ ಮಾತಾಡುವ ಸ್ಥಿತಿಯಲ್ಲಿರಲಿಲ್ಲ.

ಇವರೆಲ್ಲರನ್ನೂ ಬೇಗ ದಾಟಿಸಿ ಬಂದೆನು. ಬರೆಯಬೇಕೆಂದು ಕುಳಿತದ್ದು ಮುಖ್ಯವಾಗಿ ರೊಟ್ಟಿಯಣ್ಣನ ವಿಷಯ.

ರೊಟ್ಟಿಯಣ್ಣನು ಹತ್ತನೆಯ ಇಯತ್ತೆಯವನೂ ಅಲ್ಲ, ಅಲ್ಲದವನೂ ಅಲ್ಲ. ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಮಾರ್ಚ್, ಅಕ್ಟೋಬರ್ ಎನ್ನುತ್ತ ಐದು ಸಲ ಗಣಿತದಲ್ಲಿ ಅನುತ್ತೀರ್ಣನಾಗಿ, ಆರನೆಯದಕ್ಕೆ ಸಿದ್ಧನಾಗುತ್ತಿದ್ದನು. ಶಾಲೆಯ ಹಾಜರಿಯಲ್ಲಿ ಅವನ ಹೆಸರಿರಲಿಲ್ಲ. ಪ್ರಸಾದನಿಲಯದ ಉಗ್ರಾಣ ಮಾತ್ರ ಅವನಿಲ್ಲದೆ ನಡೆಯುತ್ತಿರಲಿಲ್ಲ. ಭಿಕ್ಷೆಯ ರೊಟ್ಟಿಯನ್ನು ವಿಂಗಡಿಸುವುದು, ಆರಿಸುವುದು, ಒಟ್ಟುವುದು, ಹಂಚುವುದು ಅವನ ಕೆಲಸ. ರೊಟ್ಟಿಯನ್ನು ಬೆರಳಿನಿಂದ ಮುಟ್ಟಿ, ಇದು ಇಂಥವರ ಮನೆಯದು ಎನ್ನುತ್ತಿದ್ದನು. ‘ಇದು ಪತ್ತಾರ ಓಣಿಯ ಮುದುಕಿ ಬಡದದ್ದು, ಅಂಚು ಸೀಳಿಲ್ಲ ನೋಡು. ಇದು ಮೂಲಿಮನಿ ಹೊಸ ಸೊಸಿದು, ನಡುವ ದಪ್ಪ. ಪಾಪ, ಕಲೀತಾಳ.’ ಒಂದು ವರ್ಷದಲ್ಲಿ ಆ ರೊಟ್ಟಿಯ ನಡು ತೆಳ್ಳಗಾದುದನ್ನು ಅವನೇ ನನಗೆ ಸಂತೋಷದಿಂದ ತೋರಿಸಿದನು.

ನಾನು ಜಂಗಮ ಮನೆತನದವನಾದುದರಿಂದ ಜೋಳಿಗೆ ನನ್ನ ಹೆಗಲಿಗೆ ಬಂದಿತು. ಅವನು ಒಕ್ಕಲು ಮಗ. ಬುಟ್ಟಿ ಹೊತ್ತುಕೊಂಡು ನನ್ನ ಹಿಂದೆ ಬರುತ್ತಿದ್ದನು. ಭಿಕ್ಷೆಯ ಹೊತ್ತಿನಲ್ಲಿ ಹನ್ನೆರಡು ವರ್ಷದ ನನ್ನನ್ನು ‘ಸಣ್ಣಯ್ಯಾರ’ ಎಂದು ಮರ್ಯಾದೆಯಿಂದ ಕರೆಯುವನು. ಸಂಜೆ ಹುತುತು ಆಟದಲ್ಲಿ ಅದೇ ಬಾಯಿಂದ ‘ಲೇ ಕಡ್ಡಿ’ ಎನ್ನುವನು. ಎರಡರಲ್ಲಿಯೂ ಅವನಿಗೆ ಯಾವ ಇಕ್ಕಟ್ಟೂ ಕಾಣುತ್ತಿರಲಿಲ್ಲ.

ಇಕ್ಕಟ್ಟು ನನಗಿದ್ದಿತು. ಮೊದಲ ವಾರದಲ್ಲಿಯೇ ಒಂದು ಮನೆಯ ಮುಂದೆ ನಿಂತು ‘ಭಿಕ್ಷಾ’ ಎಂದಾಗ ರೊಟ್ಟಿ ಹಿಡಿದು ಹೊರಗೆ ಬಂದವನು ನನ್ನ ವರ್ಗದ ಹುಡುಗ. ತರಗತಿಯಲ್ಲಿ ನನ್ನ ಪಕ್ಕದ ಮಣೆಯಲ್ಲಿ ಕೂಡುವವನು. ಅವನೂ ನಾಚಿದನು, ನಾನೂ ನಾಚಿದೆನು. ರೊಟ್ಟಿ ಇಬ್ಬರ ನಡುವೆ ಕೆಳಗೆ ಬಿದ್ದಿತು. ಅಂದು ಮಧ್ಯಾಹ್ನ ಶಾಲೆಗೆ ಹೋಗುವ ಬದಲು ಕೌದಿಯನ್ನು ಸುತ್ತಿಕೊಂಡು ನಿಲ್ದಾಣಕ್ಕೆ ಹೋಗಿ ಕುಳಿತೆನು. ಗಾಡಿ ಎಂದಿನಂತೆ ತಡವಾಗಿತ್ತು. ಅದು ಹೊತ್ತಿಗೆ ಸರಿಯಾಗಿ ಬಂದಿದ್ದರೆ ಈ ಲೇಖನವೂ ಇಲ್ಲ, ಈ ಕಾವಿಯೂ ಇಲ್ಲ. ಗಾಡಿಗಿಂತ ಮೊದಲು ರೊಟ್ಟಿಯಣ್ಣ ಬಂದನು.

‘ಎಲ್ಲಿಗೆ ಸವಾರಿ?’

‘ಊರಿಗೆ.’

‘ಟಿಕೀಟಿಗೆ ರೊಕ್ಕ?’

ನನ್ನಲ್ಲಿ ಇರಲಿಲ್ಲ. ಅವನು ಪಕ್ಕದಲ್ಲಿ ಕುಳಿತು ಉಡಿಯಿಂದ ಒಂದು ಕಟಕ ರೊಟ್ಟಿಯನ್ನೂ ಬೆಲ್ಲವನ್ನೂ ತೆಗೆದನು. ‘ಇದು ಬೆಳಿಗ್ಗೆ ಕೆಳಗೆ ಬಿದ್ದ ರೊಟ್ಟಿ. ಮಣ್ಣು ಝಾಡಿಸೀನಿ. ಆ ಹುಡುಗನ ತಾಯಿ ಮುಂಜಾನಿ ನಾಲ್ಕಕ್ಕ ಎದ್ದು ಮೊದಲನೇ ರೊಟ್ಟಿ ನಿನಗಂತ ಬಡದಿಟ್ಟಾಳ, ಅವನಿಗಲ್ಲ. ಅವಗ ಎರಡನೇದು. ನಾಚಿಕಿ ಆಗಬೇಕಾದ್ದು ಯಾರಿಗೆ ಅಂತ ನೀನ ಲೆಕ್ಕಾ ಮಾಡು, ನನಗ ಗಣಿತ ಬರಾಂಗಿಲ್ಲ’ ಎಂದನು. ಇಬ್ಬರೂ ರೊಟ್ಟಿ ತಿಂದೆವು. ಗಾಡಿ ಬಂದು ಹೋಯಿತು. ಈ ಸಂಗತಿಯನ್ನು ಅವನು ಯಾರಿಗೂ ಹೇಳಲಿಲ್ಲ. ನನ್ನ ಕೌದಿಗೆ ಹತ್ತಿದ್ದ ಕಲ್ಲಿದ್ದಲಿನ ಮಸಿಯನ್ನು ಅವನೇ ಬಾವಿಯ ಬಳಿ ಒಗೆದನು.

೧೯೮೩ರ ಜೂನ್ ೨೫ರ ರಾತ್ರಿಯನ್ನು ನಮ್ಮ ವಯಸ್ಸಿನ ಯಾರೂ ಮರೆತಿರಲಾರರು. ಲಾರ್ಡ್ಸ್ ಮೈದಾನದಲ್ಲಿ ವಿಶ್ವಕಪ್ಪಿನ ಅಂತಿಮ ಪಂದ್ಯ. ಕ್ರಿಕೆಟ್ ಆಟವನ್ನು ನಮ್ಮಲ್ಲಿ ಯಾರೂ ಕಣ್ಣಾರೆ ಕಂಡಿರಲಿಲ್ಲ. ಒಬ್ಬ ಅಣ್ಣನ ಬಳಿ ಮಾತ್ರ ಕೈಹಿಡಿಯಷ್ಟು ದೊಡ್ಡ ಟ್ರಾನ್ಸಿಸ್ಟರ್ ಇದ್ದಿತು. ರೇಡಿಯೋ ನಿಷಿದ್ಧವಾದುದರಿಂದ ಅದು ಉಗ್ರಾಣದ ಜೋಳದ ಚೀಲದಲ್ಲಿ ವಾಸ ಮಾಡುತ್ತಿದ್ದಿತು. ವಿವರಣೆ ಇಂಗ್ಲಿಷಿನಲ್ಲಿ, ಅದೂ ಗೊರಗೊರ ಸದ್ದಿನೊಳಗಿಂದ. ನಮಗೆಲ್ಲ ಅರ್ಥ ಹೇಳುವ ಭಾರವನ್ನು ಇಂಗ್ಲಿಷಿನಲ್ಲಿ ಹೆಚ್ಚು ಅಂಕ ಪಡೆಯುತ್ತಿದ್ದ ಅಣ್ಣನೊಬ್ಬನು ಹೊತ್ತಿದ್ದನು. ಭಾರತ ೧೮೩ಕ್ಕೆ ಮುಗಿಯಿತೆಂದಾಗ ‘ಮುಗಿಯಿತು ಎಂದರೆ ಗೆದ್ದಿತು’ ಎಂದು ಅರ್ಥ ಹೇಳಿ ಒಂದು ಸಲ ಕುಣಿಸಿದನು. ರಿಚರ್ಡ್ಸನು ಮದನಲಾಲನ ಚೆಂಡನ್ನು ಎತ್ತಿ ಹೊಡೆದು, ಕಪಿಲದೇವನು ಹಿಂದಕ್ಕೆ ಓಡುತ್ತ ಅದನ್ನು ಹಿಡಿದ ಗಳಿಗೆಯಲ್ಲಿ, ರೇಡಿಯೋದೊಳಗಿನ ಗದ್ದಲವನ್ನು ಕೇಳಿ ‘ಆರು ಹೊಡೆದ, ಹಾಳಾಯಿತು’ ಎಂದು ತಲೆಯ ಮೇಲೆ ಕೈಹೊತ್ತನು. ನಾವೆಲ್ಲ ತಲೆಯ ಮೇಲೆ ಕೈಹೊತ್ತೆವು. ಎಷ್ಟೋ ಹೊತ್ತಿನ ಮೇಲೆ ರಿಚರ್ಡ್ಸನ ಹೆಸರೇ ಕೇಳಿಬಾರದಿದ್ದಾಗ ‘ಅವನಿಗೆ ಹೊಟ್ಟೆನೋವು ಬಂದಿದೆ’ ಎಂದನು.

ಮಧ್ಯರಾತ್ರಿಯ ಸುಮಾರಿಗೆ ವೆಸ್ಟ್ ಇಂಡೀಸ್ ೧೪೦ಕ್ಕೆ ಮುಗಿದು ಭಾರತ ೪೩ ಓಟಗಳಿಂದ ಗೆದ್ದಾಗ ಮಾತ್ರ ಅರ್ಥ ಹೇಳುವವರು ಬೇಕಾಗಲಿಲ್ಲ. ಉಗ್ರಾಣದಲ್ಲಿ ಕಿಕ್ಕಿರಿದಿದ್ದ ಮೂವತ್ತು ನಾಲ್ವತ್ತು ಹುಡುಗರು ಒಮ್ಮೆಲೆ ಹೋ ಎಂದು ಕೂಗಿದೆವು. ಮರುಗಳಿಗೆ ಬಾಗಿಲಲ್ಲಿ ಕಂದೀಲು ಕಾಣಿಸಿತು. ಹಿಂದೆ ಮಠದ ಹಿರಿಯ ಅಪ್ಪಾವರು. ಟ್ರಾನ್ಸಿಸ್ಟರನ್ನು ಯಾರೋ ಚೀಲದೊಳಕ್ಕೆ ಒತ್ತಿದರು. ಕಿವಿ ತಿರುವುವುದನ್ನು ಮರೆತರು.

‘ಏನು ಗದ್ದಲ?’ ಎಂದು ಅಪ್ಪಾವರು ಕೇಳಿದರು.

ಯಾರಿಗೂ ಬಾಯಿಲ್ಲ. ರೊಟ್ಟಿಯಣ್ಣ ಮುಂದೆ ಬಂದು, ‘ಇಲಿ ಬಂದಿತ್ರೀ ಅಪ್ಪಾರ’ ಎಂದನು.

ಅಪ್ಪಾವರು ಸ್ವಲ್ಪ ಹೊತ್ತು ಜೋಳದ ಚೀಲವನ್ನೇ ಆಲಿಸುತ್ತ ನಿಂತರು. ‘ನಮ್ಮ ಮಠದ ಇಲಿ ಇಂಗ್ಲಿಷ್ ಮಾತಾಡೂದು ಯಾವಾಗ ಕಲೀತು?’ ಎಂದರು. ಹೊರಡುತ್ತ ಬಾಗಿಲಲ್ಲಿ ತಿರುಗಿ, ‘ಯಾರು ಗೆದ್ದರು?’ ಎಂದು ಕೇಳಿದರು. ಹೇಳಿದೆವು. ‘ಛಲೋ ಆತು. ನಾಳೆ ರೇಡಿಯೋದವನು ಬಂದು ನನ್ನ ಕಾಣಬೇಕು.’

ಮರುದಿನ ಕಾಣಲು ಹೋದವನು ರೊಟ್ಟಿಯಣ್ಣ. ರೇಡಿಯೋ ತನ್ನದೆಂದು ಒಪ್ಪಿಕೊಂಡು ಹದಿನೈದು ದಿನ ದನದ ಕೊಟ್ಟಿಗೆ ಬಳಿದನು. ಕ್ರಿಕೆಟ್ಟಿನಲ್ಲಿ ಎಷ್ಟು ಜನ ಆಡುತ್ತಾರೆಂಬುದು ಕೂಡ ಅವನಿಗೆ ತಿಳಿದಿರಲಿಲ್ಲ. ರೇಡಿಯೋದ ನಿಜವಾದ ಒಡೆಯನು ಪರೀಕ್ಷೆಯ ವರ್ಷದವನು, ಅವನನ್ನು ಊರಿಗೆ ಕಳಿಸಿಬಿಟ್ಟರೆ ಕಷ್ಟವೆಂದು ಆಮೇಲೆ ಹೇಳಿದನು. ತಾನೂ ಪರೀಕ್ಷೆಯ ವರ್ಷದವನೇ ಎಂಬುದು ಅವನ ಲೆಕ್ಕಕ್ಕೆ ಬಂದಿರಲಿಲ್ಲ.

ಅದೇ ಮಳೆಗಾಲದಲ್ಲಿ ಒಂದು ರಾತ್ರಿ ಅವನು ನನ್ನನ್ನು ಉಗ್ರಾಣಕ್ಕೆ ಕರೆದನು. ಆಗ ನಾನು ಒಂಬತ್ತನೆಯ ಇಯತ್ತೆ, ಗಣಿತದಲ್ಲಿ ಮುಂದಿದ್ದೆನು. ಟ್ರಂಕಿನ ತಳದಿಂದ ಐದು ಅಂಕಪಟ್ಟಿಗಳನ್ನು ತೆಗೆದು ಕಂದೀಲಿನ ಮುಂದೆ ಹರಡಿದನು. ‘ಎಲ್ಲೆಲ್ಲಿ ತಪ್ಪತೈತಿ ನೋಡಿ ಹೇಳು. ಯಾರಿಗೂ ಹೇಳಬ್ಯಾಡ. ಲಿಂಗ ಮುಟ್ಟಿ ಆಣಿ ಮಾಡು’ ಎಂದನು. ಮಾಡಿದೆನು. ಅಂದಿನಿಂದ ಎಲ್ಲರೂ ಮಲಗಿದ ಮೇಲೆ ಪಾಠ. ನನಗೆ ಆಶ್ಚರ್ಯವಾದದ್ದೇನೆಂದರೆ, ಮೂರು ಓಣಿಗಳಿಂದ ಬಂದ ರೊಟ್ಟಿ ನೂರಾ ಎಪ್ಪತ್ತೆಂಟು, ಹುಡುಗರು ಅರವತ್ತೊಂದು, ಸಣ್ಣವರಿಗೆ ಎರಡರಂತೆ, ದೊಡ್ಡವರಿಗೆ ಮೂರರಂತೆ ಎಂದರೆ ಬಾಯಿಲೆಕ್ಕದಲ್ಲಿ ಕ್ಷಣದಲ್ಲಿ ಉತ್ತರ. ಅದನ್ನೇ ಕಾಗದದ ಮೇಲೆ ಅಕ್ಷರವಿಟ್ಟು ಸಮೀಕರಣ ಮಾಡಿದರೆ ಬೆವರುವನು. ‘ಈ ಎಕ್ಸ್ ಯಾರ ಮನಿಯವರು? ಅವರ ಮನಿ ರೊಟ್ಟಿ ನಾನೆಂದೂ ಮುಟ್ಟಿಲ್ಲ’ ಎನ್ನುವನು. ನಾನು ಎಕ್ಸ್ ಎಂಬುದನ್ನು ಪತ್ತಾರ ಓಣಿಯ ಮುದುಕಿಯೆಂದೂ ವೈ ಎಂಬುದನ್ನು ಮೂಲೆಮನೆಯ ಸೊಸೆಯೆಂದೂ ಹೇಳಿಕೊಟ್ಟೆನು. ಆಗ ಲೆಕ್ಕ ಹರಿಯತೊಡಗಿತು. ಸಪ್ಟೆಂಬರಿನ ಹೊತ್ತಿಗೆ ಹತ್ತರಲ್ಲಿ ಐದು ಲೆಕ್ಕ ಸರಿಯಾಗಿ ಮಾಡುತ್ತಿದ್ದನು.

ಇನ್ನು ನನ್ನ ತಪ್ಪಿನ ವಿಷಯ ಬರೆಯಬೇಕು.

ಶಾಲೆಯಲ್ಲಿ ಒಂದು ಗೋಡೆಪತ್ರಿಕೆ ಇದ್ದಿತು. ಗಣೇಶ ಚೌತಿಯ ಬಳಿಕದ ಸಂಚಿಕೆಗೆ ವಿನೋದ ಲೇಖನ ಬೇಕೆಂದು ಕನ್ನಡದ ಮಾಸ್ತರರು ಕೇಳಿದರು. ಆ ವರ್ಷ ನಮಗೆ ಹಳಗನ್ನಡದ ಯುದ್ಧವರ್ಣನೆ ಪಾಠವಾಗಿದ್ದಿತು. ನನಗೆ ಅದರ ಗುಂಗು. ‘ಗಣಿತಾಸುರನ ಆರನೆಯ ಯುದ್ಧ’ ಎಂದು ಹೆಸರಿಟ್ಟು ಎರಡು ಹಾಳೆ ಬರೆದೆನು. ಒಬ್ಬ ವೀರನು ರೊಟ್ಟಿಯ ಗುರಾಣಿ, ಸವುಟಿನ ಗದೆಗಳೊಡನೆ ಐದು ಸಲ ದಂಡೆತ್ತಿ ಹೋಗಿ ಗಣಿತಾಸುರನಿಂದ ಪೆಟ್ಟು ತಿಂದು ಬರುತ್ತಾನೆ. ಪ್ರತಿ ಯುದ್ಧದಲ್ಲಿ ಅವನಿಗೆ ಉಳಿದ ಬಾಣಗಳ ಸಂಖ್ಯೆಯನ್ನು ಕೊಟ್ಟಿದ್ದೆನು: ಹನ್ನೊಂದು, ಹದಿನಾಲ್ಕು, ಒಂಬತ್ತು, ಹತ್ತೊಂಬತ್ತು, ಹದಿನೇಳು. ಹೆಸರು ಹಾಕಿರಲಿಲ್ಲ. ಸವುಟು, ರೊಟ್ಟಿಗಳಿದ್ದ ಮೇಲೆ ಹೆಸರಿನ ಅಗತ್ಯವೇನಿದೆ?

ವಾಚಕರೆ, ಆ ಲೇಖನ ಚೆನ್ನಾಗಿತ್ತು. ಅದೇ ಅದರ ದೊಡ್ಡ ದೋಷ. ಕೆಟ್ಟದಾಗಿದ್ದರೆ ಯಾರೂ ಎರಡನೆಯ ಸಲ ಓದುತ್ತಿರಲಿಲ್ಲ. ಹುಡುಗರು ಗೋಡೆಯ ಮುಂದೆ ಗುಂಪುಗೂಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಮುಖ್ಯೋಪಾಧ್ಯಾಯರು ಕರೆದು ಬೆನ್ನು ತಟ್ಟಿದರು. ನನ್ನ ಬರವಣಿಗೆಗೆ ಸಿಕ್ಕ ಮೊದಲನೆಯ ಮನ್ನಣೆ ಅದು. ಎರಡು ದಿನ ನಾನು ನೆಲದ ಮೇಲೆ ನಡೆಯಲಿಲ್ಲ. ಮೂರನೆಯ ದಿನ ರೊಟ್ಟಿಯಣ್ಣ ಗೋಡೆಯ ಮುಂದೆ ಬಂದು, ‘ಏನು ಬರದಾರೋ? ಗಟ್ಟ್ಯಾಗಿ ಓದ್ರಿ’ ಎಂದನು. ಯಾರೋ ಓದಿದರು. ಸವುಟಿನ ಗದೆ ಬಂದಾಗ ಅವನೂ ನಕ್ಕನು. ಬಾಣಗಳ ಸಂಖ್ಯೆ ಬಂದಾಗ ಅವನ ನಗೆ ನಿಲ್ಲಲಿಲ್ಲ, ಆದರೆ ನನ್ನ ಕಡೆಗೊಮ್ಮೆ ನೋಡಿದನು. ಆ ಸಂಖ್ಯೆಗಳನ್ನು ಬಲ್ಲವರು ಆ ಶಾಲೆಯಲ್ಲಿ ಇಬ್ಬರೇ.

ಅಂದು ರಾತ್ರಿ ಪಾಠವಿರಲಿಲ್ಲ. ಮರುದಿನ ಭಿಕ್ಷೆಗೆ ಎಂದಿನಂತೆ ಬುಟ್ಟಿ ಹೊತ್ತು ಬಂದನು. ‘ಸಣ್ಣಯ್ಯಾರ’ ಎಂದೇ ಕರೆದನು. ಸಂಜೆಯ ಆಟದಲ್ಲಿ ಕೂಡ ‘ಸಣ್ಣಯ್ಯಾರ’ ಎಂದನು. ಅದು ನನಗೆ ತಿಳಿಯಿತು. ಅಕ್ಟೋಬರಿನ ಪರೀಕ್ಷೆಗೆ ಅವನು ಕುಳಿತುಕೊಳ್ಳಲಿಲ್ಲ. ಒಂದು ದಿನ ನಾವು ಶಾಲೆಯಿಂದ ಬರುವಷ್ಟರಲ್ಲಿ ಉಗ್ರಾಣದ ಕೀಲಿಯನ್ನು ಅಪ್ಪಾವರ ಗದ್ದುಗೆಯ ಬಳಿ ಇಟ್ಟು ಊರಿಗೆ ಹೊರಟುಹೋಗಿದ್ದನು. ಗೋಡೆಪತ್ರಿಕೆಯ ಮೇಲಿಂದ ನನ್ನ ಎರಡು ಹಾಳೆಗಳೂ ಕಾಣೆಯಾಗಿದ್ದವು. ಮಾಸ್ತರರು ತೆಗೆದಿರಬೇಕೆಂದು ತಿಳಿದೆನು. ಉಗ್ರಾಣಕ್ಕೆ ಬೇರೊಬ್ಬ ಅಣ್ಣ ಬಂದನು. ಆ ವಾರವೇ ರೊಟ್ಟಿಗೆ ಬೂಸಲು ಹಿಡಿಯಿತು.

ಮುಂದಿನದನ್ನು ಉದ್ದ ಮಾಡುವುದಿಲ್ಲ. ೧೯೮೫ರಲ್ಲಿ ನಾನು ಎಸ್.ಎಸ್.ಎಲ್.ಸಿ. ಮುಗಿಸಿದೆನು. ಕಾಶಿಯ ಜಂಗಮವಾಡಿ ಮಠದಲ್ಲಿದ್ದುಕೊಂಡು ಸಂಸ್ಕೃತ, ಬಳಿಕ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂ.ಎ.; ಆಮೇಲೆ ಗುರುಗಳ ಅಪ್ಪಣೆಯಂತೆ ಈ ಮಠ. ಅವನಿಗೆ ಕಾಗದ ಬರೆಯಬೇಕೆಂದು ಎಷ್ಟೋ ಸಲ ಕುಳಿತೆನು. ಅವನ ಊರು ನನಗೆ ಗೊತ್ತಿದ್ದಿತು. ಗೊತ್ತಿರಲಿಲ್ಲವೆಂದು ಬರೆದರೆ ನೀವು ನಂಬಬಹುದು, ಆದರೆ ಸುಳ್ಳು.

೨೦೧೨ರ ಶಿವರಾತ್ರಿಯ ಮರುದಿನ. ದರ್ಶನದ ಸಾಲಿನಲ್ಲಿ ನೆರೆತ ಮೀಸೆಯ ರೈತನೊಬ್ಬನು ಮಾಲದಂಡಿ ಜೋಳದ ಒಂದು ಚೀಲವನ್ನು ತಾನೇ ಹೊತ್ತು ತಂದು ಕೆಳಗಿಳಿಸಿದನು. ಚೀಲ ಇಳಿಸಿದ ರೀತಿಯಿಂದಲೇ ನಾನು ಗುರುತಿಸಿದೆನು. ಬುಟ್ಟಿಯನ್ನೂ ಹಾಗೆಯೇ, ಮೊದಲು ಎಡಮೊಣಕಾಲೂರಿ ಇಳಿಸುತ್ತಿದ್ದನು. ನಾನು ಏಳುವಷ್ಟರಲ್ಲಿ ಅವನು ಪಾದಕ್ಕೆ ಬಾಗಿಬಿಟ್ಟನು. ನಾನು ಹಿಡಿದೆತ್ತಿ, ‘ಅಣ್ಣಾರ, ನೀವು ಹೀಂಗ ಮಾಡಬಾರದು’ ಎಂದೆನು. ಸುತ್ತಲಿನ ಭಕ್ತರು ಬೆರಗಾಗಿ ನೋಡಿದರು.

‘ನಮಸ್ಕಾರ ನಿಮಗಲ್ರೀ ಬುದ್ಧಿ, ಕಾವಿಗೆ. ನೀವು ಸುಮ್ಮ ನಿಂದರ್ರಿ’ ಎಂದು ಹೇಳಿ, ಬಾಗುವುದನ್ನು ಪೂರ್ತಿ ಮಾಡಿಯೇ ಎದ್ದನು.

ಒಳಗೆ ಕರೆದುಕೊಂಡು ಹೋದೆನು. ಹೊಲ, ಮಳೆ, ಮಕ್ಕಳು ಎಲ್ಲ ಮಾತಾಡಿದೆವು. ಹಿರಿಯ ಮಗಳು ಗಣಿತದಲ್ಲಿ ಬಿ.ಎಸ್‌ಸಿ. ಮಾಡಿ ಪ್ರೌಢಶಾಲೆಯಲ್ಲಿ ಪಾಠ ಹೇಳುತ್ತಾಳೆಂದು ಹೇಳಿದನು. ‘ಆಕಿಗೂ ಎಕ್ಸ್ ಅಂದರ ಪತ್ತಾರ ಓಣಿ ಮುದುಕಿ ಅಂತನ ಹೇಳಿಕೊಟ್ಟೆ. ಈಗ ಆಕಿ ಹುಡುಗರಿಗೆ ಹಂಗ ಹೇಳತಾಳಂತ.’ ನಾನು ಇನ್ನು ತಡೆಯಲಾರದೆ ಆ ಗೋಡೆಪತ್ರಿಕೆಯ ಮಾತು ತೆಗೆದೆನು. ಆಣೆ ಮುರಿದೆನೆಂದೆನು. ಅವನು ನಕ್ಕನು. ‘ಆ ಹಾಳಿ ನನ್ನ ಹತ್ರ ಐತ್ರಿ. ನಾನ ಹರಕೊಂಡು ಹೋಗಿದ್ದೆ. ಟ್ರಂಕಿನ್ಯಾಗ ಅಂಕಪಟ್ಟಿ ಜೋಡಿ ಇಟ್ಟೀನಿ. ನನ್ನ ಮ್ಯಾಲೆ ಯಾರಾದರೂ ಬರದದ್ದು ಅಂದರ ಅದೊಂದ.’

‘ನೀವು ಶಾಲೆ ಬಿಟ್ಟದ್ದು ಅದರಿಂದಲೇ?’ ಎಂದು ಕೇಳಿದೆನು. ಇಪ್ಪತ್ತೊಂಬತ್ತು ವರ್ಷಗಳಿಂದ ಕೇಳಬೇಕೆಂದಿದ್ದ ಪ್ರಶ್ನೆ.

ಅವನು ಸ್ವಲ್ಪ ಹೊತ್ತು ಗೋಡೆಯ ಕಡೆ ನೋಡಿದನು. ‘ಅಲ್ಲ ಅಂದರ ನಿಮಗ ನಿದ್ದಿ ಛಲೋ ಬರತೈತೇನ್ರಿ?’ ಎಂದನು. ನಾನು ಮಾತಾಡಲಿಲ್ಲ. ಅವನೂ ಆ ಮಾತನ್ನು ಮುಂದುವರಿಸಲಿಲ್ಲ. ‘ಉಗ್ರಾಣ ಎಲ್ಲೈತ್ರಿ ಇಲ್ಲಿ?’ ಎಂದು ಎದ್ದು ನಿಂತನು.

ನಮ್ಮ ಪ್ರಸಾದನಿಲಯದ ಅಡಿಗೆಮನೆಗೆ ಕರೆದೊಯ್ದೆನು. ಊರಿನ ತಾಯಂದಿರು ಕಳಿಸಿದ ರೊಟ್ಟಿಯನ್ನು ಬಿಸಿಯಿರುವಾಗಲೇ ಒಂದರ ಮೇಲೊಂದು ಒಟ್ಟಿ ಬುಟ್ಟಿ ಮುಚ್ಚಿದ್ದರು. ಮುಚ್ಚಳ ತೆಗೆದವನೇ ಅವನು ಅಡಿಗೆಯವರನ್ನು ನನ್ನ ಎದುರಿಗೇ ಬೈದನು. ಉಗಿ ಹೋಗದೆ ರೊಟ್ಟಿ ಮುಚ್ಚಬಾರದೆಂದು ಇಷ್ಟು ದೊಡ್ಡ ಮಠದಲ್ಲಿ ಹೇಳುವವರಿಲ್ಲವೇ ಎಂದು ಕೇಳಿದನು. ಬಿಳಿಯ ಬಟ್ಟೆ ತರಿಸಿ ಒಂದೊಂದಾಗಿ ಹರಡಿದನು. ಆರಿದವುಗಳನ್ನು ಬುಟ್ಟಿಯಲ್ಲಿ ಓರೆಯಾಗಿ ನಿಲ್ಲಿಸಿದನು. ಮಧ್ಯೆ ಒಂದನ್ನು ಬೆರಳಲ್ಲಿ ಮುಟ್ಟಿ, ‘ಇದು ಹೊಸ ಸೊಸಿದು’ ಎಂದನು.

‘ಎಷ್ಟು ಮಂದಿ ಹುಡುಗರ್ರಿ?’

‘ನೂರಾ ಇಪ್ಪತ್ತು.’

ಬುಟ್ಟಿಯ ಕಡೆಗೊಮ್ಮೆ ನೋಡಿದನು. ‘ರಾತ್ರಿ ಇಪ್ಪತ್ತು ರೊಟ್ಟಿ ಕಡಿಮಿ ಬೀಳ್ತಾವ. ಈಗ ನುಚ್ಚು ಇಡ್ರಿ’ ಎಂದು ಅಡಿಗೆಯವರಿಗೆ ಹೇಳಿ, ಕೈ ಝಾಡಿಸಿಕೊಂಡು, ಐದರ ಬಸ್ಸಿಗೆ ಹೊರಟನು. ಅಂದು ರಾತ್ರಿ ನಾನೇ ಪಂಕ್ತಿಯಲ್ಲಿ ನಿಂತು ಎಣಿಸಿದೆನು. ಕಡಿಮೆ ಬಿದ್ದದ್ದು ಹತ್ತೊಂಬತ್ತು.